ಹೈಸ್ಕೂಲಿಗೆ ಬ್ಯಾಂಡ್ ಸೆಟ್ ಬಂದಿದೆ, ಆಗಸ್ಟ್ 15 ಆದ್ಮೇಲೆ ವರ್ಷಪೂರ್ತಿ ಏನ್ ಮಾಡ್ಸೋದು?

ಲೆಕ್ಕದ_ಮೇಷ್ಟ್ರು

ಎಲ್ರಿಗೂ ನಮಸ್ಕಾರ. ತುಮಕೂರು ಕಡೆ ಒಂದು ಅನುದಾನಿತ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು ನಾನು. ಪಿಇ ಮೇಷ್ಟ್ರು ರಿಟೈರ್ ಆದ್ಮೇಲೆ ಆ ಪೋಸ್ಟ್ ತುಂಬಿಲ್ಲ, ಹಂಗಾಗಿ ಆಟದ ಪೀರಿಯಡ್ಡೂ ನನ್ ತಲೆಗೇ ಬಂದಿದೆ. ಎಂಟು, ಒಂಬತ್ತು, ಹತ್ತು ಮೂರೂ ಸೇರಿ ನೂರೈವತ್ತು ಮಕ್ಕಳು ಇದ್ರೆ ಹೆಚ್ಚು. ಈ ಸಲ ಹಳೇ ವಿದ್ಯಾರ್ಥಿಗಳು ದುಡ್ಡು ಹಾಕ್ಕೊಂಡು ಬ್ಯಾಂಡ್ ಸೆಟ್ ಕೊಡ್ಸಿದಾರೆ, ಆರು ಸೈಡ್ ಡ್ರಮ್, ಒಂದು ಬೇಸ್ ಡ್ರಮ್, ಎರಡು ಜೊತೆ ಸಿಂಬಲ್, ಒಂದು ಟ್ರಯಾಂಗಲ್, ನಾಲ್ಕು ಬ್ಯೂಗಲ್, ಮುಂದೆ ಹಿಡ್ಕೊಂಡು ಹೋಗೋಕೆ ಒಂದು ಕೋಲು. ಡ್ರೆಸ್ ಇಲ್ಲ, ಸ್ಕೂಲ್ ಯೂನಿಫಾರ್ಮೇ.

ನಂಗೆ ಸಂಗೀತ ಅಂದ್ರೆ ಕೇಳೋದು ಮಾತ್ರ. ಹೆಚ್ಎಂ ಹೇಳ್ತಿರೋದು ಏನಂದ್ರೆ ಬ್ಯೂಗಲ್‌ನಲ್ಲಿ ರಾಷ್ಟ್ರಗೀತೆ, ನಾಡಗೀತೆ ಎರಡೂ ಬಾರ್ಸೋ ಹಂಗೆ ಮಾಡ್ಸಿ, ಆಗಸ್ಟ್ 15ಕ್ಕೆ ತಾಲೂಕು ಸ್ಟೇಡಿಯಂನಲ್ಲಿ ನಮ್ಮ ಸ್ಕೂಲ್ ಹೆಸರು ಬರ್ಬೇಕು ಅಂತ. ಹತ್ತನೇ ಕ್ಲಾಸ್ ಮಕ್ಕಳ ಅಪ್ಪ ಅಮ್ಮಂದಿರು ಆಗ್ಲೇ ಬಂದು ಎಸ್ಸೆಸ್ಸೆಲ್ಸಿ ಇದೆ ಸಾರ್ ಇದೆಲ್ಲಾ ಯಾಕೆ ಅಂತಿದಾರೆ. ಸುತ್ತಮುತ್ತಲ ಸ್ಕೂಲುಗಳಲ್ಲಿ ನೋಡಿದ್ರೆ ಜುಲೈ ಕೊನೇಲಿ ಡ್ರಮ್ ಹೊರಗ್ ಬರುತ್ತೆ, ಆಗಸ್ಟ್ 16ಕ್ಕೆ ಸ್ಟೋರ್ ರೂಮ್ ಸೇರುತ್ತೆ, ಮತ್ತೆ ಜನವರಿಲಿ ಒಂದ್ ವಾರ. ನಮ್ದೂ ಹಂಗೇ ಆಗ್ಬಾರ್ದು ಅಂತ ಆಸೆ. ಬ್ಯಾಂಡ್ ನೋಡ್ಕೊಂಡವರು, ಬಾರ್ಸಿದವರು ಯಾರಾದ್ರೂ ಇದ್ರೆ ಒಂದು ವರ್ಷ ಹೆಂಗೆ ಸಾಗುತ್ತೆ ಹೇಳಿ.

ನಿವೃತ್ತ_ಬ್ಯಾಂಡಿನವ

ಸಾರ್ ಮೊದಲು ಹೆಚ್ಎಂ ವಿಷ್ಯ ಮುಗಿಸ್ಬಿಡೋಣ. ಬ್ಯೂಗಲ್‌ನಲ್ಲಿ ರಾಷ್ಟ್ರಗೀತೆ ಬರೋದಿಲ್ಲ, ಯಾರು ಊದಿದ್ರೂ ಬರೋದಿಲ್ಲ. ಅದಕ್ಕೆ ಒತ್ತೋ ಗುಂಡಿ ಇಲ್ಲ, ತೂತಿಲ್ಲ, ತುಟಿ ಬಿಗಿ ಮಾಡಿ ಸಡಿಲ ಮಾಡಿ ಸಿಗೋ ಸ್ವರಗಳು ಅಷ್ಟೇ. ಸರಿಯಾಗಿ ಕೈಗೆ ಸಿಗೋದು ಐದು: ಕೆಳಗಿನ ಸ, ಪ, ಮೇಲಿನ ಸ, ಅದರ ಮೇಲೆ ಗ, ಪ. ರಿ ಇಲ್ಲ, ಮ ಇಲ್ಲ, ಧ ಇಲ್ಲ. ಅದಕ್ಕೇ ಮಿಲಿಟರಿಲಿ ಅದನ್ನ ಕರೆಯೋಕೆ ಇಟ್ಕೊಂಡಿರೋದು, ಏಳಿ, ಊಟಕ್ಕೆ ಬನ್ನಿ, ಬಾವುಟ ಇಳಿಸ್ತಿದೀವಿ ಅಂತ. ಧ್ವಜದ ಹತ್ರ ನಿಂತು ಅಂಥ ಒಂದು ಚಿಕ್ಕ ಕರೆ ಊದೋಕೆ ಇಬ್ಬರು ಮಕ್ಕಳು ತಯಾರಾದ್ರೆ ಸಾಕು, ಮಿಕ್ಕ ಎರಡು ಬ್ಯೂಗಲ್ ಕಲಿಯೋಕೆ ಇರ್ಲಿ. ದಿನಕ್ಕೆ ಹತ್ತು ಹದಿನೈದು ನಿಮಿಷದ ಮೇಲೆ ಊದಿಸ್ಬೇಡಿ, ತುಟಿ ಸೋತ ಮೇಲೆ ಕೆನ್ನೆ ಉಬ್ಬಿಸಿ ಊದೋ ಅಭ್ಯಾಸ ಬೀಳುತ್ತೆ, ಅದು ಬಿಡ್ಸೋದು ಕಷ್ಟ. ಮೌತ್‌ಪೀಸ್ ಒಬ್ಬರಿಂದ ಒಬ್ಬರಿಗೆ ಹೋಗುವಾಗ ತೊಳೀಲೇಬೇಕು.

ರಾಷ್ಟ್ರಗೀತೆಲಿ ನಿಮ್ಮ ಡ್ರಮ್‌ಗೂ ಒಂದು ಕೆಲ್ಸ ಇದೆ, ಎಷ್ಟೋ ಸ್ಕೂಲಿಗೆ ಗೊತ್ತಿರಲ್ಲ. ಬ್ಯಾಂಡ್ ರಾಷ್ಟ್ರಗೀತೆ ನುಡಿಸುವಾಗ ಮುಂಚೆ ಒಂದು ರೋಲ್, ಅಂದ್ರೆ ಮಧ್ಯ ಬಿಡುವೇ ಇಲ್ದಂಗೆ ಡರ್ರ್ ಅಂತ ಡ್ರಮ್ ಬಾರಿಸ್ಬೇಕು, ಸ್ಲೋ ಮಾರ್ಚಿನ ಏಳು ಹೆಜ್ಜೆ ಅಷ್ಟು ಉದ್ದ. ಮೆತ್ತಗೆ ಶುರು, ಆದಷ್ಟೂ ಜೋರಾಗಿ ಏರಿ, ಮತ್ತೆ ಮೆತ್ತಗೆ ಇಳಿದು, ಆದ್ರೆ ಏಳನೇ ಏಟಿನ ತನಕ ಕೇಳಿಸ್ತಾನೇ ಇರಬೇಕು, ಆಮೇಲೆ ಒಂದು ಏಟು ಖಾಲಿ ಬಿಟ್ಟು ಗೀತೆ. ಇದು ಸರ್ಕಾರದ ಆದೇಶದಲ್ಲೇ ಇರೋದು. ನಿಮ್ಮ ಆರು ಜನ ಈ ರೋಲ್ ಒಂದನ್ನ ಚೆನ್ನಾಗಿ ಕಲಿತು, ಮಕ್ಕಳೆಲ್ಲಾ 52 ಸೆಕೆಂಡಲ್ಲಿ ಹಾಡಿ ಮುಗಿಸಿದ್ರೆ ಸ್ಟೇಡಿಯಂನಲ್ಲಿ ಜನ ತಿರುಗಿ ನೋಡ್ತಾರೆ. ನಾಡಗೀತೆನೂ ಹಾಡ್ಸಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿನೇ ಅಂತ ಮಾಡಿ ಎರಡೂವರೆ ನಿಮಿಷ ಅಂತ ನಿಗದಿ ಮಾಡಿದೆ, ಸ್ಕೂಲಿಗೊಂದು ಧಾಟಿ ಇದ್ದ ಕಾಲ ಹೋಯ್ತು.

ಇನ್ನು ಕಲಿಸೋದು. ಜೂನ್‌ನಲ್ಲಿ ಡ್ರಮ್ ಕೊಡಲೇಬೇಡಿ. ಹಳೇ ಸೈಕಲ್ ಟೈರಿನ ರಬ್ಬರು ಒಂದು ಹಲಗೆಗೆ ಹೊಡೆದು ಅದರ ಮೇಲೆ ಕಡ್ಡಿ ಆಡಿಸಲಿ. ಬಲ ಎಡ ಬಲ ಎಡ ಒಂದೇ ಸಮ ಬರೋ ತನಕ, ಆಮೇಲೆ ಬಲ ಬಲ ಎಡ ಎಡ. ನಾವು ಇದನ್ನ ಮಮ್ಮಿ ಡ್ಯಾಡಿ ಅಂತ ಬಾಯಲ್ಲಿ ಹೇಳ್ಕೊಂಡು ಕಲಿತಿದ್ದು, ಇದು ಸ್ಪೀಡ್ ಆದ್ರೆ ಅದೇ ರೋಲ್. ಜುಲೈ ಮೊದಲ ವಾರ ನಿಂತಲ್ಲೇ ಕದಮ್ ತಾಲ್ ಹಾಕಿಸಿ, ಬೇಸ್ ಡ್ರಮ್ ಏಟು ಎಡಗಾಲಿಗೇ ಬೀಳ್ಬೇಕು, ಅದೊಂದು ತಪ್ಪಿದ್ರೆ ಹಿಂದೆ ಬರೋ ಇಡೀ ಸ್ಕೂಲು ಕಾಲು ತಪ್ಪುತ್ತೆ. ತೇಜ್ ಚಲ್ ಅಂದ್ರೆ ನಿಮಿಷಕ್ಕೆ 120 ಹೆಜ್ಜೆ, ಅಂದ್ರೆ ಸೆಕೆಂಡಿಗೆ ಎರಡು. ನೀವು ಲೆಕ್ಕದ ಮೇಷ್ಟ್ರಲ್ವಾ, ಗಡಿಯಾರ ಹಿಡ್ಕೊಂಡು ನಿಂತ್ಕೊಳ್ಳಿ ಸಾಕು. ಸಣ್ಣ ಎಂಟನೇ ಕ್ಲಾಸ್ ಮಕ್ಕಳಿಗೆ 120 ಓಡಿದಂಗಾದ್ರೆ ಸ್ವಲ್ಪ ಇಳಿಸಿ, ಯಾರೂ ಕೇಳಲ್ಲ.

ಡ್ರಮ್ ಮೇಲಿರೋದು ಚರ್ಮನಾ ಪ್ಲಾಸ್ಟಿಕ್ಕಾ ನೋಡಿ. ಚರ್ಮ ಆದ್ರೆ ಮಳೆಗಾಲದಲ್ಲಿ ಸಡಿಲ ಆಗುತ್ತೆ, ಬಿಗಿ ಮಾಡಿದ್ದನ್ನ ಹಂಗೇ ಬಿಟ್ರೆ ಬಿಸಿಲು ಬಂದಾಗ ಹರಿಯುತ್ತೆ.

ಬೇಸ್_ಡ್ರಮ್_ಹುಡುಗಿ

ನಾ ಧಾರವಾಡ ಜಿಲ್ಲಾದಾಕಿ, ಹೈಸ್ಕೂಲಿನ್ಯಾಗ ಬೇಸ್ ಡ್ರಮ್ ಬಾರಿಸೇನಿ. ಸರ್ ಮ್ಯಾಲಿನವ್ರು ಬಾರ್ಸೋದು ಹೇಳ್ಯಾರ, ನಾ ಹುಡುಗರ ಕಡೆಯಿಂದ ಹೇಳ್ತೀನಿ.

ಮೊದ್ಲು ಯಾರಿಗೆ ಯಾವ್ದು ಅನ್ನೋದ್ರಾಗ ಜಗಳ ಆಗ್ತದ, ಎಲ್ಲಾರಿಗೂ ಸೈಡ್ ಡ್ರಮ್ಮೇ ಬೇಕು, ಸಿಂಬಲ್ ಯಾರಿಗೂ ಬ್ಯಾಡ. ಬೇಸ್ ಡ್ರಮ್ ಅಂದ್ರ ದಪ್ಪ ಹುಡುಗನ್ನ ಹುಡುಕ್ತಾರ, ಹಂಗ ಮಾಡಬ್ಯಾಡ್ರಿ. ತಾಳ ಗಟ್ಟಿ ಇರೋರಿಗೆ ಕೊಡ್ರಿ, ಹುಡುಗಿ ಆದ್ರೂ ಅಡ್ಡಿ ಇಲ್ಲ, ಪಟ್ಟಿ ಬೆನ್ನಿಗೆ ಅಡ್ಡ ಬರೋ ಹಂಗ ಎರಡೂ ಭುಜಕ್ಕ ಹಾಕಿದ್ರ ಭಾರ ಹಂಚಿ ಹೋಗ್ತದ. ಒಂದ ಭುಜಕ್ಕ ಹಾಕಿದ್ರ ಸಂಜಿಗೆ ಕುತ್ತಿಗಿ ಹಿಡೀತದ, ನಂದು ಹಿಡದಿತ್ತು.

ಆಗಸ್ಟ್ 15ಕ್ಕ ನಸುಕಿನ್ಯಾಗ ಪ್ರಭಾತ ಫೇರಿ, ಊರ ತುಂಬ ಕೆಸರು, ಬಿಳಿ ಕ್ಯಾನ್ವಾಸ್ ಬೂಟಿಗೆ ಹಿಂದಿನ ದಿನ ಸುಣ್ಣದ ಕಡ್ಡಿ ತಿಕ್ಕಿದ್ದು ಎರಡನೇ ಓಣಿ ದಾಟೋದ್ರಾಗ ಮಣ್ಣಪಾಲು. ನಮ್ಮವ್ವ ಕಟ್ಟಿ ಮ್ಯಾಲ ನಿಂತು ನಾ ಬರೋದು ನೋಡಿ ಅಕ್ಕಪಕ್ಕದವ್ರನ್ನೆಲ್ಲ ಕರದಿದ್ಲು. ಅದು ಮುಗೀತಿದ್ದಂಗ ಹೋಬಳಿ ಸ್ಪೋರ್ಟ್ಸ್ ಬರ್ತಾವ, ಬ್ಯಾಂಡಿನ್ಯಾಗ ಇರೋ ಹುಡುಗರ ಖೋಖೋದಾಗೂ ಕಬಡ್ಡಿಯಾಗೂ ಇರ್ತಾರ ಹಂಗಾಗಿ ಪ್ರಾಕ್ಟೀಸ್‌ಗೆ ಅರ್ಧ ಮಂದಿ ಇರಂಗಿಲ್ಲ. ಆಮ್ಯಾಲ ಪ್ರತಿಭಾ ಕಾರಂಜಿ, ಪರೀಕ್ಷಾ, ದಸರಾ ರಜಾ. ಇದ ನೋಡ್ರಿ ಬ್ಯಾಂಡ್ ಸಾಯೋ ಜಾಗ. ಆಗಸ್ಟ್ 16ರಿಂದ ಅಕ್ಟೋಬರ್ ತನಕ ಯಾರೂ ಡ್ರಮ್ ಮುಟ್ಟಂಗಿಲ್ಲ, ರಾಜ್ಯೋತ್ಸವ ಬಂತು ಅಂದಾಗ ಎಲ್ಲಾ ಮರತಿರ್ತದ.

ನಮ್ಮ ಸಾಲ್ಯಾಗ ಏನ್ ಮಾಡಿದ್ರು ಅಂದ್ರ ಶನಿವಾರ ಮುಂಜಾನೆ ಸಾಲಿ, ಆವತ್ತು ಪ್ರಾರ್ಥನಾ ಆದಮ್ಯಾಲ ಮಕ್ಕಳನ್ನ ಕ್ಲಾಸಿಗೆ ಸಾಲಾಗಿ ಕಳಸೋದು ಬ್ಯಾಂಡ್ ತಾಳಕ್ಕ. ಐದು ನಿಮಿಷದ ಕೆಲಸ, ಆದ್ರ ಪ್ರತಿ ವಾರ. ಕಾರ್ಯಕ್ರಮ ಇಲ್ಲಂದ್ರೂ ಬಾರಿಸಬೇಕಾಗ್ತದ ಅಲ್ರೀ, ಹಂಗಾಗಿ ಕೈ ಜಂಗ್ ಹಿಡೀಲಿಲ್ಲ. ನವೆಂಬರ್ 1ರ ಭುವನೇಶ್ವರಿ ಮೆರವಣಿಗಿಗೆ ಬರೇ ನಾಕು ದಿನ ಪ್ರಾಕ್ಟೀಸ್ ಮಾಡಿ ಹೋಗಿದ್ವಿ.

ಮುಖ್ಯ ಅಂದ್ರ ನವೆಂಬರ್‌ಗೆ ಎಂಟನೇತ್ತೆ ಹುಡುಗರನ್ನ ಪಕ್ಕಕ್ಕ ನಿಂದರಸ್ಕೋರಿ. ಹತ್ತನೇತ್ತೆಯವ್ರ ಕಲಸ್ಲಿ, ಅವ್ರಿಗೆ ಮೇಷ್ಟ್ರು ಆಗೋ ಹುರುಪು ಇರ್ತದ. ಜನವರಿ 26ಕ್ಕ ಹತ್ತನೇತ್ತೆಯವ್ರಿಲ್ಲದ ಬ್ಯಾಂಡ್ ಹೊಂಡಸ್ರಿ, ಅವ್ರ ತಂದಿತಾಯಿ ಕೂಗಾಟನೂ ನಿಂದ್ರತದ, ಯಾಕಂದ್ರ ಪ್ರಿಪರೇಟರಿ ಹತ್ರ ಬಂದಿರ್ತಾವ. ನಾ ಹತ್ತನೇತ್ತೆ ಇದ್ದಾಗ ಆ 26ಕ್ಕ ಸಾಲಿನ್ಯಾಗ ನಿಂತು ನೋಡಿದ್ದ. ಒಂಬತ್ತನೇತ್ತೆ ಹುಡುಗ ನನ್ನ ಡ್ರಮ್ ಬಾರಸಾಕತ್ತಿದ್ದ, ನನಗಿಂತ ಚಲೋನ ಬಾರಿಸ್ದ, ಭಾಳ ಸಿಟ್ಟು ಬಂದಿತ್ತು ಖರೇನ.

ಇನ್ನೊಂದು. ಊರಾಗಿನ ದೊಡ್ಡ ಮಂದಿ ಬಂದು ನಮ್ಮ ಕಾರ್ಯಕ್ರಮಕ್ಕ ಹುಡುಗರನ್ನ ಕಳಸ್ರಿ, ಎಂಎಲ್‌ಎ ಬರ್ತಾರ ಸ್ವಾಗತಕ್ಕ ಬೇಕು ಅಂತ ಕೇಳ್ತಾರ, ಬಿಸಲಾಗ ತಾಸುಗಟ್ಲೆ ನಿಂದ್ರಸ್ತಾರ. ವರ್ಷಕ್ಕ ಎಲ್ಲೆಲ್ಲಿ ಹೋಗೋದು ಅಂತ ಜೂನ್‌ದಾಗ ಎಸ್‌ಡಿಎಂಸಿಯಂಥಾದ್ರಾಗ ಬರಸಿ ಸಹಿ ಮಾಡಿಸಿ ಇಟ್ಕೋರಿ.

ಡೊಳ್ಳು_ಮಲ್ನಾಡು

ಎಲ್ಲಾ ಸರಿ, ಆದ್ರೆ ಯಾಕೆ ಈ ಬ್ರಿಟಿಷ್ ಮಿಲಿಟರಿ ಡ್ರಮ್ಮು? ಅದೇ ದುಡ್ಡಲ್ಲಿ ಡೊಳ್ಳು ತಗೊಂಡಿದ್ರೆ ಊರಲ್ಲೇ ಕಲಿಸೋರು ಸಿಗ್ತಿದ್ರು, ಹರಿದ್ರೆ ಊರಲ್ಲೇ ರಿಪೇರಿ, ಜಾತ್ರೆಗೂ ಆಗೋದು. ಶಿವಮೊಗ್ಗ ಕಡೆ ಹುಡುಗೀರ ಡೊಳ್ಳು ತಂಡಗಳನ್ನ ನೋಡಿ, ಯಾವ ಬ್ಯಾಂಡೂ ಎದುರು ನಿಲ್ಲಲ್ಲ. ಲೆಫ್ಟ್ ರೈಟ್ ಬಿಟ್ಟು ಬೇರೇನೂ ಕಲ್ಸಲ್ಲ ಈ ಡ್ರಮ್ಮು.

ನಿವೃತ್ತ_ಬ್ಯಾಂಡಿನವ

ಡೊಳ್ಳಿನ ಮೇಲೆ ನಂಗೂ ಪ್ರೀತಿ ಇದೆ ಸಾರ್, ಆದ್ರೆ ಇದು ಅಥವಾ ಅದು ಅಂತ ಯಾಕೆ? ಮೈಸೂರು ಅರಮನೆಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು, ಈಗ್ಲೂ ದಸರಾಲಿ ಪೊಲೀಸ್ ಬ್ಯಾಂಡಿನವರು ಅರಮನೆ ಮುಂದೆ ಕೂತು ನುಡಿಸುವಾಗ ಪಾಶ್ಚಾತ್ಯದ್ದೂ ಬರುತ್ತೆ ತ್ಯಾಗರಾಜರ ಕೃತಿನೂ ಬರುತ್ತೆ, ಜನ ಎರಡಕ್ಕೂ ಚಪ್ಪಾಳೆ ತಟ್ತಾರೆ. ಇನ್ನೊಂದು ವಿಷ್ಯ, ಸೆಟ್ ಬಂದಾಗಿದೆ, ವಾಪಸ್ ಕೊಡೋಕಾಗಲ್ಲ. ಡೊಳ್ಳು ಕುಣಿತದವರನ್ನ ವರ್ಷಕ್ಕೆ ಎರಡು ಸಲ ಕರೆಸಿ ನಾಲ್ಕು ಗತ್ತು ಕಲ್ಸಿ ಬೇಸ್ ಡ್ರಮ್ ಮೇಲೆ ಬಾರ್ಸಿ ನೋಡ್ಲಿ, ತಾಳ ತಾಳನೇ. ಲೆಫ್ಟ್ ರೈಟ್ ಬಿಟ್ಟು ಏನೂ ಕಲಿಸಲ್ಲ ಅಂದ್ರಲ್ಲ, ಹದಿನೈದು ಮಕ್ಕಳು ಒಬ್ಬರ ಏಟಿಗೆ ಇನ್ನೊಬ್ಬರು ಕಿವಿ ಕೊಟ್ಟು ನಿಲ್ಲೋದು ಕಲಿತ್ರೆ ಅದು ಡೊಳ್ಳಲ್ಲೂ ಬೇಕು.

ಟೆಕ್ಸಸ್_ಅಮ್ಮ

ಬೆಂಗಳೂರಿನವಳು, ಈಗ ಟೆಕ್ಸಸ್‌ನ ಒಂದು ಚಿಕ್ಕ ಊರಲ್ಲಿದೀವಿ, ಮಗಳು ಹೈಸ್ಕೂಲ್ ಬ್ಯಾಂಡಲ್ಲಿ ಕ್ಲಾರಿನೆಟ್. ಇಲ್ಲಿ ಬ್ಯಾಂಡ್ ಅನ್ನೋದು ಒಂದು ಸಬ್ಜೆಕ್ಟೇ, ದಿನಾ ಪೀರಿಯಡ್ ಇರುತ್ತೆ, ಮಾರ್ಕ್ಸ್ ಇರುತ್ತೆ, ಅದಕ್ಕೇ ಅಂತ ಪೂರ್ತಿ ಸಮಯದ ಟೀಚರ್, ಹಂಗಾಗಿ ಹೋಲಿಕೆ ಮಾಡೋದು ತಪ್ಪು. ಆದ್ರೂ ವರ್ಷ ಹೆಂಗೆ ಓಡುತ್ತೆ ಅಂತ ಹೇಳ್ತೀನಿ.

ಸ್ಕೂಲ್ ಶುರುವಾಗೋ ಮುಂಚೆನೇ ಸುಡೋ ಬಿಸಿಲಲ್ಲಿ ಬ್ಯಾಂಡ್ ಕ್ಯಾಂಪ್, ಪಾರ್ಕಿಂಗ್ ಲಾಟಲ್ಲಿ ಗೆರೆ ಎಳೆದು ಹೆಜ್ಜೆ ಕಲಿಸ್ತಾರೆ. ಆಮೇಲೆ ಪ್ರತಿ ಶುಕ್ರವಾರ ರಾತ್ರಿ ಫುಟ್‌ಬಾಲ್, ಆಟದ ಮಧ್ಯದ ಬಿಡುವಲ್ಲಿ ಮೈದಾನದಲ್ಲಿ ಇವರ ಶೋ. ಚಿಕ್ಕ ಸ್ಕೂಲುಗಳಲ್ಲಿ ಮಜಾ ಅಂದ್ರೆ ಫುಟ್‌ಬಾಲ್ ಆಡೋ ಹುಡುಗನೇ ಹೆಲ್ಮೆಟ್ ತೆಗೆದಿಟ್ಟು, ಬೆವರು ಸುರಿಯೋ ಅದೇ ಡ್ರೆಸ್ಸಲ್ಲಿ ಬಂದು ಟ್ರಂಪೆಟ್ ಊದಿ ಮತ್ತೆ ಆಟಕ್ಕೆ ಓಡ್ತಾನೆ, ಯಾಕಂದ್ರೆ ಬೇರೆ ಮಕ್ಕಳೇ ಇಲ್ಲ. ಧಾರವಾಡದವರ ಖೋಖೋ ಕಥೆ ಓದಿ ಇದೇ ನೆನಪಾಯ್ತು. ಅಕ್ಟೋಬರಲ್ಲಿ ಮಾರ್ಚಿಂಗ್ ಸ್ಪರ್ಧೆ, ಯುಐಎಲ್ ಅಂತ ಸಂಸ್ಥೆ ನಡ್ಸುತ್ತೆ, ಶಾಲೆ ಗಾತ್ರ ನೋಡಿ 1ಎ ಇಂದ 6ಎ ತನಕ ವಿಂಗಡಣೆ, ಹಂಗಾಗಿ ಚಿಕ್ಕ ಸ್ಕೂಲು ದೊಡ್ಡ ಸ್ಕೂಲ್ ಎದುರು ನಿಲ್ಬೇಕಾಗಿಲ್ಲ. ಡಿಸೆಂಬರಲ್ಲಿ ಕೂತು ನುಡಿಸೋ ಕಛೇರಿ. ವಸಂತದಲ್ಲಿ ಇನ್ನೊಂದು ಸ್ಪರ್ಧೆ, ಅದ್ರಲ್ಲಿ ಹಿಂದೆ ನೋಡೇ ಇರದ ಹೊಸ ಹಾಳೆ ಕೊಟ್ಟು ಕೆಲವೇ ನಿಮಿಷ ಬಿಟ್ಟು ನುಡಿಸಿ ಅಂತಾರೆ. ಮೇ ತಿಂಗಳಲ್ಲಿ ದೊಡ್ಡ ಕ್ಲಾಸಿನವರು ಹೊರಟುಹೋಗ್ತಾರೆ.

ಇಲ್ಲಿ ಬ್ಯಾಂಡ್ ಉಳಿಯೋದು ಆರನೇ ಕ್ಲಾಸಿಂದ. ಹೈಸ್ಕೂಲಿಗೆ ಬರುವಾಗ್ಲೇ ಮೂರು ವರ್ಷ ಕಲಿತಿರ್ತಾರೆ. ಮೇಷ್ಟ್ರೇ, ನಿಮ್ಮೂರ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಆರು ಏಳರ ಮಕ್ಕಳಿಗೆ ಆ ರಬ್ಬರ್ ಹಲಗೆ ಕೊಟ್ಬಿಡಿ, ಡ್ರಮ್ ಬೇಡ. ಮುಂದಿನ ಜೂನಲ್ಲಿ ನಿಮ್ಮ ಎಂಟನೇ ಕ್ಲಾಸಿಗೆ ಕೈ ತಿರುಗಿದ ಮಕ್ಕಳೇ ಬರ್ತಾರೆ.

ಹಾಸನ_ಪೇರೆಂಟ್

ಜನವರಿಲಿ ದೆಹಲಿಲಿ ಆಗೋ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಗೆ ಸೇರಬಹುದಲ್ವಾ ಇವರು? ಹೆಚ್ಎಂ ಖುಷಿ ಆಗ್ತಾರೆ.

ನಿವೃತ್ತ_ಬ್ಯಾಂಡಿನವ

ಅದರಲ್ಲಿ ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ಎರಡೇ ವಿಭಾಗ, ಹುಡುಗರದ್ದು ಬೇರೆ ಹುಡುಗೀರದ್ದು ಬೇರೆ. ರಾಜ್ಯ, ವಲಯ ದಾಟಿ ರಾಷ್ಟ್ರಮಟ್ಟ. ಇವರ ಸೆಟ್ ಡ್ರಮ್ಮು ಬ್ಯೂಗಲ್ಲು, ಅದಕ್ಕೆ ಸೇರಲ್ಲ. ಟ್ರಂಪೆಟ್ಟು ಟ್ರೊಂಬೋನು ಯುಫೋನಿಯಂ ತರ್ಸೋಕೆ ಬ್ಯಾಂಡ್ ವಾದ್ಯ ಮಾಡೋ ಮೀರತ್‌ನ ಜಲಿ ಕೋಠಿಗೇ ಆರ್ಡರ್ ಕೊಟ್ರೂ ಖರ್ಚು ದೊಡ್ಡದು, ಅದಕ್ಕಿಂತ ದೊಡ್ಡ ತಾಪತ್ರಯ ಕಲಿಸೋರು. ಹೆಚ್ಎಂ ಕಿವಿಗೆ ಈ ವಿಷ್ಯ ಹಾಕ್ಬೇಡಿ ಸಾರ್ ದಯವಿಟ್ಟು. ಒಂದು ಸ್ವರದ ಸಾಲು ಬೇಕೇಬೇಕು ಅಂದ್ರೆ ಎರಡನೇ ವರ್ಷ ಒಂದೇ ಶ್ರುತಿದು ಆರು ಕೊಳಲು ತಗೊಳ್ಳಿ, ಬೇರೆ ಬೇರೆ ಅಂಗಡಿದು ಬೇಡ, ಶ್ರುತಿ ಕೂಡಲ್ಲ.

ಲೆಕ್ಕದ_ಮೇಷ್ಟ್ರು

ಎಲ್ರಿಗೂ ಥ್ಯಾಂಕ್ಸ್. ಇವತ್ತು ಹೆಚ್ಎಂ ಹತ್ರ ಐದು ಸ್ವರದ ಕಥೆ ಹೇಳ್ದೆ, ಮೊದ್ಲು ನಂಬಲಿಲ್ಲ, ಆಮೇಲೆ ಅವರೇ ಒಂದು ಬ್ಯೂಗಲ್ ತಗೊಂಡು ಊದಿದ್ರು, ಬರೀ ಗಾಳಿ ಬಂತು, ಸರಿ ಬಿಡ್ರಿ ಅಂದ್ರು. ಏಳು ಹೆಜ್ಜೆ ರೋಲ್ ಕೇಳಿ ತುಂಬಾ ಖುಷಿ ಪಟ್ರು, ಎಲ್ಲಾ ಕಡೆ ಹೇಳ್ಕೊಂಡು ತಿರುಗ್ತಿದಾರೆ. ಶನಿವಾರದ ಐದು ನಿಮಿಷ ಒಪ್ಪಿದಾರೆ. ಜನವರಿ 26ಕ್ಕೆ ಹತ್ತನೇ ಕ್ಲಾಸ್ ಇಲ್ಲ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಹೇಳಿದ್ಮೇಲೆ ಗಲಾಟೆ ಕಮ್ಮಿ ಆಯ್ತು, ಒಬ್ಬರು ಮಾತ್ರ ನಮ್ ಹುಡುಗ 26ಕ್ಕೂ ಬಾರ್ಸ್ಲಿ ಸಾರ್ ಅಂತಿದಾರೆ. ಎಸ್‌ಡಿಎಂಸಿ ನಮ್ಮಂಥ ಅನುದಾನಿತಕ್ಕೆ ಇಲ್ಲ, ಆಡಳಿತ ಮಂಡಳಿ ಸಹಿನೇ ಮಾಡ್ಸ್ತೀನಿ.

ಇನ್ನೊಂದೇ ಡೌಟು, ಸೈಡ್ ಡ್ರಮ್ ಕೆಳಗಡೆ ಸ್ಪ್ರಿಂಗ್ ತರ ತಂತಿ ಇದೆಯಲ್ಲ, ಎರಡು ಡ್ರಮ್ಮಲ್ಲಿ ಬರೀ ಗರಗರ ಅಂತಿದೆ, ಮುಟ್ಟದೇ ಇದ್ರೂ.

ನಿವೃತ್ತ_ಬ್ಯಾಂಡಿನವ

ಅದು ಸ್ನೇರ್. ಪಕ್ಕದ ಡ್ರಮ್ ಬಾರಿಸಿದ್ರೂ ಅದು ನಡುಗುತ್ತೆ, ಅಷ್ಟಿಷ್ಟು ಇರೋದೇ. ಸೈಡಲ್ಲಿ ಒಂದು ಸ್ಕ್ರೂ ಇರುತ್ತೆ, ಸ್ವಲ್ಪ ಬಿಗಿ ಮಾಡಿ, ಕೆಳಗಿನ ಹಾಳೆ ಎಲ್ಲಾ ಕಡೆ ಒಂದೇ ಸಮ ಬಿಗಿ ಇದೆಯಾ ನೋಡಿ. ತೀರಾ ಬಿಗಿ ಮಾಡಿದ್ರೆ ದನಿ ಸತ್ತುಹೋಗುತ್ತೆ. ಆಗ್ಲಿಲ್ಲ ಅಂದ್ರೆ ಫೋಟೋ ಹಾಕಿ.