ಲಗ್ನದ ವಿಡಿಯೊ ಕೆಲಸಕ್ಕೆ ಮ್ಯಾಕ್ ಪ್ರೊ ನಂಬಬಹುದಾ?

ಖಡೇಬಜಾರ್ ಸ್ಟುಡಿಯೊ, ಬೆಳಗಾವಿ
ನಮಸ್ಕಾರ ರೀ. ನಮ್ಮದು ಲಗ್ನದ ವಿಡಿಯೊ, ಆಲ್ಬಮ್ ಕೆಲಸ. ಮೂರು ಕ್ಯಾಮೆರಾದ 4ಕೆ ಫುಟೇಜ್ ಒಟ್ಟಿಗೆ ಹಾಕಿದರೆ ಈಗಿನ ಪಿಸಿ ತಡೆಯಲ್ಲ, ಅಕ್ಕಿಕಾಳು ಬೀಳೋ ಶಾಟ್ ಬಂತಂದ್ರೆ ನಿಂತೇ ಬಿಡುತ್ತದೆ. ಪಾರ್ಟ್ನರ್ ಆಪಲ್‌ನ ದೊಡ್ಡ ಡೆಸ್ಕ್‌ಟಾಪ್ ಮ್ಯಾಕ್ ಪ್ರೊ ತಗೊಳ್ಳೋಣ ಅಂತಾನೆ. ಆದರೆ ಆಪಲ್‌ನವರು ನಮ್ಮಂಥ ಡೆಸ್ಕ್‌ಟಾಪ್ ಕೆಲಸದವರನ್ನು ನಡುವೆ ಕೈಬಿಡ್ತಾರೆ ಅಂತ ಕೇಳಿದೀನಿ. ಹೌದಾ?

ಗೋಳಗುಮ್ಮಟ ಎಡಿಟರ್, ವಿಜಯಪುರ
ನಿಮ್ಮ ಅನುಮಾನ ಸರಿ ಅಣ್ಣಾ. 2011ರಲ್ಲಿ ಆಪಲ್‌ನದೇ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ಎಕ್ಸ್ ಬಂದಾಗ ಹಳೇ ಪ್ರಾಜೆಕ್ಟ್ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ, ಮಲ್ಟಿಕ್ಯಾಮ್ (ಹಲವು ಕ್ಯಾಮೆರಾದ ಫುಟೇಜ್ ಒಟ್ಟಿಗೆ ಎಡಿಟ್ ಮಾಡೋ ಸೌಲಭ್ಯ) ಕೂಡ ಇರಲಿಲ್ಲ. ಮುಂದಿನ ವರ್ಷ ಮಲ್ಟಿಕ್ಯಾಮ್ ಸೇರಿಸಿದರು, ಅಷ್ಟರಲ್ಲಿ ಎಷ್ಟೋ ಜನ ಅಡೋಬಿಯವರ ಪ್ರೀಮಿಯರ್ ಸಾಫ್ಟ್‌ವೇರ್ ಹಿಡಿದಿದ್ದರು. ಆಮೇಲೆ 2013ರ ಕಪ್ಪು, ದುಂಡನೆ ಮ್ಯಾಕ್ ಪ್ರೊ. ನೋಡೋಕೆ ಭಾಳ ಚೆಂದ. ಆದರೆ ಇಡೀ ಮಷಿನ್‌ಗೆ ಒಂದೇ ಫ್ಯಾನ್, ಪ್ರೊಸೆಸರ್ ಮತ್ತು ಎರಡು ಗ್ರಾಫಿಕ್ಸ್ ಕಾರ್ಡ್ ಎಲ್ಲಾ ನಡುವಿನ, ಬಿಸಿ ಹೀರೋ ಒಂದೇ ಹೀಟ್‌ಸಿಂಕ್‌ಗೆ ಅಂಟಿಕೊಂಡಿದ್ದವು, ಮುಂದೆ ಎಲ್ಲರೂ ಒಂದೇ ದೊಡ್ಡ ಕಾರ್ಡ್ ಕಡೆ ಹೋದಾಗ ಆ ಬಿಸಿ ತಡೆಯೋ ಜಾಗ ಅದರಲ್ಲಿರಲಿಲ್ಲ. 2017ರಲ್ಲಿ ಕಂಪನಿಯವರೇ ಪತ್ರಕರ್ತರನ್ನು ಕರೆದು ಇದನ್ನು ಒಪ್ಪಿಕೊಂಡರು. ಹೊಸದು ಬಂದದ್ದು 2019ರ ಡಿಸೆಂಬರ್‌ಗೆ. ಆರು ವರ್ಷ! ಇದರಲ್ಲೇ ಹೊಟ್ಟೆ ಹೊರೆಯೋರು ಅಷ್ಟು ದಿನ ಕಾಯೋಕಾಗುತ್ತಾ?

ಘಟಪ್ರಭಾ ಫ್ರೇಮ್ಸ್, ಬಾಗಲಕೋಟೆ
2019ರದ್ದು ಮಾತ್ರ ಗಟ್ಟಿ ಮಷಿನ್, ಬೇರೆ ಕಾರ್ಡ್ ಹಾಕೋಕೆ ಎಂಟು ಸ್ಲಾಟ್, ಮೆಮೊರಿ 1.5 ಟಿಬಿವರೆಗೆ. ಆಪಲ್‌ನದೇ ಎಂ2 ಅಲ್ಟ್ರಾ ಚಿಪ್ ಇರೋ 2023ರ ಪ್ರೊದಲ್ಲಿ ಸ್ಲಾಟ್ ಇವೆ, ಗ್ರಾಫಿಕ್ಸ್ ಕಾರ್ಡ್ ಹಾಕೋ ಹಾಗಿಲ್ಲ. ಮೆಮೊರಿ 192 ಜಿಬಿಗೇ ಮುಗೀತು, ಆಮೇಲೆ ಹೆಚ್ಚಿಸೋಕೂ ಆಗಲ್ಲ. ಅದೇ ಚಿಪ್ ಇದ್ದ, ಆಪಲ್‌ನ ಚಿಕ್ಕ ಡೆಸ್ಕ್‌ಟಾಪ್ ಮ್ಯಾಕ್ ಸ್ಟುಡಿಯೊ ಬೆಲೆ ಆಗ ಅಮೆರಿಕದಲ್ಲಿ 3,000 ಡಾಲರ್ ಕಡಿಮೆ ಇತ್ತು. 2025ರ ಮಾರ್ಚಲ್ಲಿ ಸ್ಟುಡಿಯೊಗೆ ಹೊಸ ಎಂ3 ಅಲ್ಟ್ರಾ ಚಿಪ್ ಕೊಟ್ಟರು, ಪ್ರೊ ಹಾಗೇ ಉಳೀತು. ಅಂದರೆ ಅವರು ಕೈಬಿಟ್ಟಿದ್ದು ಎಡಿಟರ್‌ಗಳನ್ನಲ್ಲ, ಡಬ್ಬಿ ತೆಗೆದು ಕಾರ್ಡ್ ಹಾಕಿಕೊಳ್ಳೋರನ್ನ. ನಿಮ್ಮ ಕೆಲಸಕ್ಕೆ ಕಾರ್ಡ್ ಬೇಡ, ಎಚ್‌ಇವಿಸಿ (ವಿಡಿಯೊ ಕುಗ್ಗಿಸಿ ಉಳಿಸೋ ಫಾರ್ಮ್ಯಾಟ್) ಫುಟೇಜ್ ಬಿಡಿಸೋ ವ್ಯವಸ್ಥೆ ಚಿಪ್‌ನಲ್ಲೇ ಇದೆ. ಸುಮ್ನೆ ಪ್ರೊಗೆ ದುಡ್ಡು ಹಾಕಬೇಡಿ, ಎಂ4 ಮ್ಯಾಕ್ಸ್ ಚಿಪ್‌ನ ಮ್ಯಾಕ್ ಸ್ಟುಡಿಯೊ ಸಾಕು. ಸೆಕೆಂಡ್‌ ಹ್ಯಾಂಡ್ 2019ರ ಪ್ರೊ ಅಗ್ಗಕ್ಕೆ ಸಿಕ್ಕರೂ ಬೇಡ, ಅದು ಇಂಟೆಲ್ ಚಿಪ್‌ನದು, ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ ಟಾಹೋನೇ ಕೊನೆಯ ಓಎಸ್. ಅಂದಹಾಗೆ ನೀವು ಎಡಿಟ್ ಮಾಡೋದು ಎಡಿಯಸ್ ಸಾಫ್ಟ್‌ವೇರ್‌ನಲ್ಲಾ? ಹಾಗಿದ್ದರೆ ಮ್ಯಾಕ್ ಮಾತೇ ಬಿಡಿ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

ಖಡೇಬಜಾರ್ ಸ್ಟುಡಿಯೊ, ಬೆಳಗಾವಿ
ಇಲ್ಲ ರೀ, ಡಾವಿಂಚಿ ರಿಸಾಲ್ವ್. ಹಾಗಾದರೆ ಪ್ರೊ ಬಿಟ್ಟೆ. ಮ್ಯಾಕ್ ಸ್ಟುಡಿಯೊದಲ್ಲಿ 64 ಜಿಬಿ ಮೆಮೊರಿ ಸಾಕಾ?

ಘಟಪ್ರಭಾ ಫ್ರೇಮ್ಸ್, ಬಾಗಲಕೋಟೆ
ಸಾಕು. ಒಳಗಿನ ಸ್ಟೋರೇಜ್ ಕಡಿಮೆ ತಗೊಂಡು ಫುಟೇಜ್‌ಗೆ ಹೊರಗಿನ ಎಸ್‌ಎಸ್‌ಡಿ ಇಟ್ಟುಕೊಳ್ಳಿ. ಒಳ್ಳೆ ಯುಪಿಎಸ್ ಮರೀಬೇಡಿ.