ಸಹಾಯ ಬೇಕು: ಮಾಡ್‌ಗಳಿರುವ ಸ್ಕೈರಿಮ್ ಅಪ್‌ಡೇಟ್ ಮಾಡಬೇಕೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಮನೆಯಲ್ಲಿ ನಾನೂ ನನ್ನ ತಮ್ಮನೂ ಆಡುವ ಸ್ಕೈರಿಮ್ ಸ್ಪೆಷಲ್ ಎಡಿಷನ್ ಎಂಬ ಕಂಪ್ಯೂಟರ್ ಆಟ ಇನ್ನೂ 1.5.97 ಆವೃತ್ತಿಯಲ್ಲೇ ಇದ್ದು, ಅದಕ್ಕೆ ನೂರಾರು ಮಾಡ್‌ಗಳನ್ನು (ಆಟಗಾರರೇ ತಯಾರಿಸಿದ ಮಾರ್ಪಾಡುಗಳನ್ನು) ಹಾಕಿದ್ದೇವೆ. 2021ರ ನವೆಂಬರಿನಲ್ಲಿ 1.6 ಬಂದಾಗ ಆಟದ ಮೂಲ ಫೈಲೇ ಬದಲಾದ್ದರಿಂದ, ಎಸ್‌ಕೆಎಸ್‌ಇ (ಮಾಡ್‌ಗಳಿಗೆ ಹೆಚ್ಚಿನ ಸಾಮರ್ಥ್ಯ ಕೊಡುವ ಸಹಾಯಕ ತಂತ್ರಾಂಶ) ಮತ್ತು ಅದನ್ನು ಆಧರಿಸಿದ ಡಿಎಲ್‌ಎಲ್ (ಪ್ರೋಗ್ರಾಂ ಫೈಲ್) ಮಾಡ್‌ಗಳು ಹೊಸ ಆವೃತ್ತಿಗೆ ಬೇರೆಯಾಗಿಯೇ ಬೇಕಾಗುತ್ತವೆ. ಉಡುಪು, ಟೆಕ್ಸ್ಚರ್‌ಗಳಂಥವಕ್ಕೆ ಈ ತೊಡಕು ಅಷ್ಟಾಗಿ ಇಲ್ಲ. ನಮಗೆ ಅತ್ಯಂತ ಪ್ರಿಯವಾದ ಕಾಳಗದ ಮಾಡ್ ಹಳೆಯ ಆವೃತ್ತಿಗಷ್ಟೇ ಇದೆ, ನನ್ನ ತಮ್ಮ ಆಸೆಪಡುತ್ತಿರುವ ಮಾಡ್ ಹೊಸದಕ್ಕಷ್ಟೇ ಇದೆ. ಸದ್ಯಕ್ಕೆ ಸ್ಟೀಮ್ ಎಂಬ ಆಟಗಳ ಆ್ಯಪ್‌ನಲ್ಲಿ ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗುವಂತೆ ಇಟ್ಟು, ಅಲ್ಲಿಂದ ತೆರೆಯದೆ ಎಸ್‌ಕೆಎಸ್‌ಇ ಲೋಡರ್ ಮೂಲಕವೇ ಆಡುತ್ತಿದ್ದೇವೆ. ಇಡೀ ಫೋಲ್ಡರ್ ಕಾಪಿ ಮಾಡಿಟ್ಟುಕೊಂಡು ಅಪ್‌ಡೇಟ್ ಮಾಡಿದರೆ ಹಳೆಯ ಸೇವ್ (ಉಳಿಸಿಟ್ಟ ಆಟ) ನೆಟ್ಟಗೆ ಮುಂದುವರಿಯುವುದೇ, ಇಲ್ಲವೇ ಹೊಸದಾಗಿ ಆರಂಭಿಸುವುದೇ ಲೇಸೇ? ಸ್ವತಃ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.