ಗೂಡಿನ ಕ್ಯಾಮೆರಾದಲ್ಲಿ ಬಾಲ್ಡ್ ಈಗಲ್ ಗಂಡು ಯಾವುದು, ಹೆಣ್ಣು ಯಾವುದು? ಗಾತ್ರ ನೋಡಿ ಗುರುತಿಸಿದರೆ ತಪ್ಪುತ್ತಿದೆ

ಬೆಳ್ಳಕ್ಕಿ (ಪ್ರಶ್ನೆ)

ಗೂಡು: ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆ, ಜಾಕಿ (ಹೆಣ್ಣು) ಮತ್ತು ಶ್ಯಾಡೋ (ಗಂಡು) ಎಂಬ ಬಾಲ್ಡ್ ಈಗಲ್ (ಅಮೆರಿಕದ ಬಿಳಿತಲೆಯ ಹದ್ದು) ಜೋಡಿ. ಗೂಡಿನ ಕ್ಯಾಮೆರಾ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದೆ. 2025ರ ಕಾವಿನ ಕಾಲದ ರೆಕಾರ್ಡಿಂಗ್‌ಗಳಿಂದ ಯಾರು ಎಷ್ಟು ಹೊತ್ತು ಕೂತರು ಎಂದು ಪಟ್ಟಿ ಮಾಡುತ್ತಿದ್ದೇನೆ. ಹೆಣ್ಣು ಗಂಡಿಗಿಂತ 25% ದೊಡ್ಡದು ಎಂದು ಎಲ್ಲ ಕಡೆ ಬರೆದಿರುತ್ತದೆ. ಹಾಗಾಗಿ ದೊಡ್ಡದು ಕಂಡರೆ ಜಾಕಿ, ಚಿಕ್ಕದು ಕಂಡರೆ ಶ್ಯಾಡೋ ಎಂದು ಬರೆಯುತ್ತಾ ಹೋದೆ.

ತೊಂದರೆ ಏನೆಂದರೆ, ಕಾವು ಬದಲಾಯಿಸುವಾಗ ಬಂದಿಳಿಯುವ ಹಕ್ಕಿಯೇ ಪ್ರತಿ ಸಲ ದೊಡ್ಡದಾಗಿ ಕಾಣುತ್ತದೆ. ಪಟ್ಟಿಯ ಪ್ರಕಾರ ಜಾಕಿ ಬಂದಳು, ಜಾಕಿ ಬಂದಳು, ಮತ್ತೆ ಜಾಕಿಯೇ ಬಂದಳು. ನಡುವೆ ಹೋದದ್ದು ಯಾವಾಗ? ಎರಡಕ್ಕೂ ಬಿಳಿ ತಲೆ, ಬಿಳಿ ಬಾಲ, ಹಳದಿ ಕೊಕ್ಕು. ಪುಕ್ಕದಲ್ಲಿ ಏನೂ ವ್ಯತ್ಯಾಸ ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕಡಲಗರುಡ

ಪುಕ್ಕದಲ್ಲಿ ಹುಡುಕುವುದು ಬಿಟ್ಟುಬಿಡಿ, ವ್ಯತ್ಯಾಸ ಇಲ್ಲವೇ ಇಲ್ಲ. ಸುಮಾರು 5 ವರ್ಷಕ್ಕೆ ತಲೆ ಬಾಲ ಬೆಳ್ಳಗಾದ ಮೇಲೆ ಗಂಡು ಹೆಣ್ಣು ಒಂದೇ ಬಣ್ಣ. ತಲೆಯಲ್ಲಿ ಕಂದು ಚುಕ್ಕೆ, ಬಾಲದ ತುದಿಯಲ್ಲಿ ಕಪ್ಪು ಇದ್ದರೆ ಅದು ವಯಸ್ಸಿನ ಗುರುತು, ಲಿಂಗದ್ದಲ್ಲ.

ನಿಮ್ಮ ಎಡವಟ್ಟು ಆ 25%ನಲ್ಲೇ ಇದೆ. ಅದು ಹೆಚ್ಚುಕಡಿಮೆ ತೂಕದ ಲೆಕ್ಕ. ತೂಕ ಮೂರು ದಿಕ್ಕಿಗೂ ಬೆಳೆಯುತ್ತದೆ. ತೂಕ 1.25 ಪಟ್ಟು ಆದರೆ ಉದ್ದ, ಅಗಲ, ಎತ್ತರ ತಲಾ ಸುಮಾರು 1.08 ಪಟ್ಟು ಮಾತ್ರ. ಪರದೆಯ ಮೇಲೆ ನಿಮಗೆ ಕಾಣಬೇಕಾದದ್ದು 8%, ಕಾಲು ಭಾಗವಲ್ಲ.

ಈಗ ಕ್ಯಾಮೆರಾದಿಂದ 2 ಮೀಟರ್ ದೂರದಲ್ಲಿ ಗಂಡು ನಿಂತಿದೆ ಎಂದುಕೊಳ್ಳಿ. ಹೆಣ್ಣು ಅದಕ್ಕಿಂತ 16 ಸೆಂಟಿಮೀಟರ್ ಹಿಂದೆ ನಿಂತರೆ ಎರಡೂ ಸರಿಸಮ ಕಾಣುತ್ತವೆ. ಇನ್ನೊಂದು ಗೇಣು ಹಿಂದೆ ಸರಿದರೆ ಗಂಡೇ ದೊಡ್ಡದು! ಬಾಲ್ಡ್ ಈಗಲ್ ಗೂಡು ಒಂದೂವರೆ ಮೀಟರಿಗಿಂತ ಅಗಲ ಇರುತ್ತದೆ. ಅದರೊಳಗೆ ಒಂದು ಹೆಜ್ಜೆ ಅತ್ತಿತ್ತ ಆದರೂ ಗಂಡು ಹೆಣ್ಣಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಕ್ಯಾಮೆರಾ ಹತ್ತಿರವಿದ್ದು ಲೆನ್ಸ್ ಅಗಲ ನೋಟದ್ದಾದರೆ ಇದು ಇನ್ನೂ ಜೋರು.

ಬಂದಿಳಿಯುವ ಹಕ್ಕಿ ಗೂಡಿನ ಅಂಚಿನಲ್ಲಿ, ಕಾಲು ನೀಟಾಗಿ ಊರಿ, ರೆಕ್ಕೆ ಅರೆಬಿಚ್ಚಿ ನಿಲ್ಲುತ್ತದೆ. ಕಾವು ಕೂತದ್ದು ನಡುವಿನ ಗುಣಿಯಲ್ಲಿ ಅರ್ಧ ಹುದುಗಿರುತ್ತದೆ. ಆ ಹೊತ್ತಿನಲ್ಲಿ ಗಾತ್ರ ಹೋಲಿಸಿದರೆ ಬಂದದ್ದೇ ಹೆಣ್ಣು ಎಂಬ ಉತ್ತರ ಬರುವುದು ಸಹಜ.

ಇದರ ಮೇಲೆ ಹವಾಮಾನ. ಚಳಿಗೆ ಪುಕ್ಕ ಉಬ್ಬಿಸಿದ ಗಂಡು ಗುಂಡಗೆ ದಪ್ಪಗೆ ಕಾಣುತ್ತದೆ, ಹಿಮ ಕರಗಿ ಒದ್ದೆಯಾದ ಹೆಣ್ಣು ಸೊರಗಿದ ಹಾಗೆ. ಹೊಟ್ಟೆತುಂಬ ತಿಂದು ಬಂದದ್ದರ ಕತ್ತಿನ ಕೆಳಗೆ ಚೀಲ ಉಬ್ಬಿರುತ್ತದೆ, ಅದನ್ನೂ ಗಾತ್ರ ಎಂದು ಲೆಕ್ಕ ಹಿಡಿಯಬೇಡಿ.

ಹೋಲಿಸಲೇಬೇಕು ಎಂದರೆ ಹೀಗೆ ಮಾಡಿ: ಗೂಡಿನಲ್ಲಿ ಅಲ್ಲಾಡದ ಒಂದು ದಪ್ಪ ಕಡ್ಡಿಯನ್ನು ಗುರುತು ಇಟ್ಟುಕೊಳ್ಳಿ. ಒಂದು ಹಕ್ಕಿ ಎರಡೂ ಕಾಲು ಅದರ ಮೇಲಿಟ್ಟು ಪಕ್ಕಕ್ಕೆ ಮುಖ ಮಾಡಿದಾಗ ಸ್ಕ್ರೀನ್‌ಶಾಟ್ ತೆಗೆಯಿರಿ. ಇನ್ನೊಂದು ಅದೇ ಕಡ್ಡಿಗೆ ಬಂದಾಗ ಇನ್ನೊಂದು. ಮೈ ಅಳೆಯಬೇಡಿ, ಕೊಕ್ಕಿನ ದಪ್ಪ ಅಳೆಯಿರಿ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ ಇರುವ ಮೆತ್ತನೆಯ ಹಳದಿ ಭಾಗ ಇದೆಯಲ್ಲ, ಅದು ಮುಗಿದು ಗಟ್ಟಿ ಕೊಕ್ಕು ಶುರುವಾಗುವಲ್ಲಿ ಮೇಲಿನಿಂದ ಕೆಳಕ್ಕೆ. ಚಳಿಗೆ ಕೊಕ್ಕು ಉಬ್ಬುವುದಿಲ್ಲ. ಒಂದು ಚಿತ್ರ ಸಾಲದು: ಕೊಕ್ಕು ನಿಮ್ಮ ಪರದೆಯಲ್ಲಿ 40 ಪಿಕ್ಸೆಲ್ ಇದ್ದರೆ ವ್ಯತ್ಯಾಸ ಮೂರು ನಾಲ್ಕು ಪಿಕ್ಸೆಲ್ ಅಷ್ಟೇ, ಅಳೆಯುವ ಕೈ ಅಷ್ಟು ತಪ್ಪುತ್ತದೆ. ತಲಾ ಹತ್ತು ಚಿತ್ರವಾದರೂ ಬೇಕು. ತಲೆ ಕ್ಯಾಮೆರಾ ಕಡೆ ಸ್ವಲ್ಪ ತಿರುಗಿದ್ದರೂ ಆ ಚಿತ್ರ ಎಸೆದುಬಿಡಿ.

ಶಾಲ್ಮಲಾತೀರ

ಮೇಲಿನ ಉತ್ತರ ಸರಿ ಇದೆ. ಆದರೆ ಬೆಳ್ಳಕ್ಕಿಯವರ ಕೆಲಸಕ್ಕೆ ಅಳತೆಗಿಂತ ಗಟ್ಟಿ ದಾರಿ ಇದೆ. ಲಿಂಗವನ್ನು ಒಂದೇ ಸಲ ಖಚಿತ ಮಾಡಿಕೊಂಡು, ಆಮೇಲೆ ಆ ಹಕ್ಕಿಯನ್ನು ಕಣ್ಣಿನಿಂದ ಬಿಡದೆ ಹಿಂಬಾಲಿಸಿ.

ಖಚಿತವಾಗುವುದು ಮೊಟ್ಟೆ ಇಡುವಾಗ. ಈ ಗೂಡಿನಲ್ಲಿ 2025ರ ಮೊಟ್ಟೆಗಳು ಜನವರಿ 22, 25, 28ರಂದು ಬಂದವು. ಹಕ್ಕಿ ಅರೆ ಎದ್ದು ನಿಂತು, ಬೆನ್ನು ಬಾಗಿಸಿ, ತಿಣುಕುವುದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮೊಟ್ಟೆ ಕಾಣುತ್ತದೆ. ಅದು ಜಾಕಿ, ಅನುಮಾನವೇ ಇಲ್ಲ. ಅಲ್ಲಿಂದ ಪಟ್ಟಿ ಶುರು ಮಾಡಿ. ಮುಂದಿನ ಅದಲುಬದಲಿನಲ್ಲಿ ಎದ್ದುಹೋದದ್ದು ಜಾಕಿ, ಕೂತದ್ದು ಶ್ಯಾಡೋ. ಅದರ ಮುಂದಿನದರಲ್ಲಿ ತಿರುವುಮುರುವು. ಕಾವಿನ ದಿನಗಳಲ್ಲಿ ಗೂಡು ಬರಿದಾಗುವುದು ಕಡಿಮೆ, ಹಾಗಾಗಿ ಸರಪಳಿ ಬಹಳ ದೂರ ತುಂಡಾಗದೆ ಸಾಗುತ್ತದೆ. ಮೂರು ಮೊಟ್ಟೆ ಎಂದರೆ ಮೊದಲನೆಯದರಿಂದ ಶುರು, ಆಮೇಲೆ ಎರಡು ಸಲ ತಾಳೆ ನೋಡುವ ಅವಕಾಶ. 25ರಂದು ಮೊಟ್ಟೆ ಇಡುತ್ತಿರುವ ಹಕ್ಕಿಯ ಮುಂದೆ ನಿಮ್ಮ ಪಟ್ಟಿ "ಶ್ಯಾಡೋ" ಎಂದರೆ 22 ಮತ್ತು 25ರ ನಡುವೆ ಒಂದು ಬದಲಾವಣೆ ಕೈತಪ್ಪಿದೆ ಎಂದರ್ಥ.

ಸರಪಳಿ ತುಂಡಾಗುವ ಕಡೆಗಳು: ಎರಡೂ ಒಟ್ಟಿಗೆ ಹಾರಿಹೋದಾಗ, ಲೈವ್ ನಿಂತುಹೋದಾಗ, ಲೆನ್ಸ್ ಮೇಲೆ ಹಿಮ ಕೂತಾಗ. ಅಲ್ಲಿ ಊಹೆ ಬರೆಯದೆ "ಗೊತ್ತಿಲ್ಲ" ಎಂದು ಬರೆಯಿರಿ, ಮುಂದೆ ಖಚಿತ ಗುರುತು ಸಿಕ್ಕಾಗ ಮತ್ತೆ ಶುರು ಮಾಡಿ. ಇದೊಂದನ್ನು ದಯವಿಟ್ಟು ಪಾಲಿಸಿ. ಖಾಲಿ ಬಿಟ್ಟ ಸಾಲು ಪಟ್ಟಿಯನ್ನು ಕೆಡಿಸುವುದಿಲ್ಲ, ಊಹೆಯ ಸಾಲು ಅದರ ಕೆಳಗಿನದನ್ನೆಲ್ಲ ಕೆಡಿಸುತ್ತದೆ.

ಸರಪಳಿ ಓಡುತ್ತಿರುವಾಗಲೇ ಇಬ್ಬರ ಮುಖದ ಚಿತ್ರ ಕೂಡಿಹಾಕಿ. ಹಾಳೆ ಎರಡು, ಪ್ರತಿಯೊಂದಕ್ಕೂ ಎಡ ಮುಖ, ಬಲ ಮುಖ. ನೋಡಬೇಕಾದದ್ದು: ಕಣ್ಣಿನ ಹಳದಿಯಲ್ಲಿ ಕಪ್ಪು ಚುಕ್ಕೆ ಇದೆಯೇ, ಹುಬ್ಬಿನ ಏಣು ಎಷ್ಟು ಮುಂದೆ ಚಾಚಿದೆ, ಕೊಕ್ಕಿನ ಮೇಲಿನ ಗೀರು, ಬಾಯಿಯ ಮೂಲೆ ಕಣ್ಣಿನ ಕೆಳಗೆ ಎಲ್ಲಿಯವರೆಗೆ ಹೋಗಿದೆ. ಹೆಣ್ಣಿನಲ್ಲಿ ಆ ಮೂಲೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಕ್ಯಾಮೆರಾ ನೋಡುವವರು ಹೇಳುತ್ತಾರೆ. ಜೋಡಿಯನ್ನು ಪಕ್ಕಪಕ್ಕ ನೋಡುವಾಗ ಉಪಯೋಗಕ್ಕೆ ಬರುತ್ತದೆ, ಒಂದೇ ಹಕ್ಕಿ ನೋಡಿ ತೀರ್ಪು ಕೊಡಲು ಸಾಲದು. ಬಾಯಿ ತೆರೆದಿದ್ದರೆ ಮೂಲೆ ಸರಿದಂತೆ ಕಾಣುತ್ತದೆ, ಮುಚ್ಚಿದಾಗಲೇ ನೋಡಿ. ಪುಕ್ಕ ಉದುರಿದ ಸಂದು, ಕೊಳೆ, ರಕ್ತದ ಕಲೆ ಸ್ವಲ್ಪ ಕಾಲಕ್ಕಷ್ಟೇ ಗುರುತು.

ಮಲೆನಾಡಮಂಜು

ನಡವಳಿಕೆ ನೋಡಿ ಗುರುತಿಸಬಹುದೇ ಎಂದು ಮುಂದೆ ಕೇಳುವಿರಿ, ಆದ್ದರಿಂದ ಈಗಲೇ.

ಕಾವು ಎರಡೂ ಕೂರುತ್ತವೆ. ಗಂಡು ಕೂತಿತು ಎಂದರೆ ಅಚ್ಚರಿಯಿಲ್ಲ. ಹೆಣ್ಣಿನ ಪಾಲು ಹೆಚ್ಚು, ರಾತ್ರಿ ಕೂರುವುದು ಸಾಮಾನ್ಯವಾಗಿ ಹೆಣ್ಣೇ. 2024ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಜಾಕಿ ಮೊಟ್ಟೆ ಬಿಟ್ಟೇಳದೆ 60 ಗಂಟೆಗೂ ಮಿಕ್ಕಿ ಕೂತಿದ್ದಳು. ಹಾಗೆ ಒಂದೇ ಹಕ್ಕಿ ಬಹಳ ಹೊತ್ತು ಕೂತಿದ್ದರೆ ಹೆಣ್ಣು ಎಂಬ ಕಡೆ ತೂಕ ಹಾಕಬಹುದು, ಆದರೆ ಅದರ ಮೇಲೇ ಬರೆಯಬೇಡಿ.

ಮರಿ ಒಡೆದ ಮೊದಲ ವಾರಗಳಲ್ಲಿ ಮೀನು ತರುವುದು ಹೆಚ್ಚಾಗಿ ಗಂಡು, ಗೂಡಿನಲ್ಲಿದ್ದು ತುತ್ತು ಕೊಡುವುದು ಹೆಚ್ಚಾಗಿ ಹೆಣ್ಣು. ಮರಿ ಬೆಳೆದಂತೆ ಎರಡೂ ಬೇಟೆಗೆ ಹೋಗುತ್ತವೆ, ಆಗ ಈ ಗುರುತು ಬಿತ್ತು. ಕಡ್ಡಿ ತರುವುದಂತೂ ಇಬ್ಬರ ಕೆಲಸ.

ದನಿ ಒಳ್ಳೆಯ ಗುರುತು. ಗಂಡಿನ ಕೂಗು ತೆಳು, ಮೇಲಿನ ಶ್ರುತಿ. ಹೆಣ್ಣಿನದು ತಗ್ಗು, ಒರಟು. ಇಬ್ಬರೂ ಒಟ್ಟಿಗೆ ಕೂಗುವಾಗ ಇಯರ್‌ಫೋನ್ ಹಾಕಿ ಕೇಳಿ, ಯಾರ ಕೊಕ್ಕು ಅಲ್ಲಾಡುತ್ತಿದೆ ನೋಡಿ. ಗಾಳಿ ಸದ್ದು ಜಾಸ್ತಿ ಇದ್ದರೆ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೊಗ್ರಾಮ್ (ಸದ್ದಿನ ಶ್ರುತಿ ತೋರಿಸುವ ಚಿತ್ರ) ನೋಟಕ್ಕೆ ಹಾಕಿ, ಎರಡರ ಶ್ರುತಿಯ ಎತ್ತರ ಕಣ್ಣಿಗೇ ಕಾಣುತ್ತದೆ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಜಾತಿ ಹೇಳುತ್ತದೆ, ಲಿಂಗ ಹೇಳುವುದಿಲ್ಲ.

ರಾತ್ರಿ ಕ್ಯಾಮೆರಾ ಇನ್‌ಫ್ರಾರೆಡ್‌ಗೆ ಹೋದ ಮೇಲೆ ಬಣ್ಣದ ಗುರುತು ಒಂದನ್ನೂ ನಂಬಬೇಡಿ. ಕಣ್ಣಿನ ಚುಕ್ಕೆಯೂ ಮಾಯ.

ಬೆಳ್ಳಕ್ಕಿ

ಕಡಲಗರುಡ ಸರ್, ಕಡ್ಡಿ ಉಪಾಯ ಮಾಡಿ ನೋಡಿದೆ. ಇಬ್ಬರೂ ಒಂದೇ ಕಡ್ಡಿಯ ಮೇಲಿದ್ದ ಚಿತ್ರಗಳಲ್ಲಿ ಕೊಕ್ಕಿನ ವ್ಯತ್ಯಾಸ ಒಂದೇ ಕಡೆಗೆ ಬರುತ್ತಿದೆ. ಒಬ್ಬರು ಅಂಚಿನಲ್ಲಿ, ಒಬ್ಬರು ಗುಣಿಯ ಪಕ್ಕ ಇದ್ದಾಗ ತಲೆಕೆಳಗಾಗುತ್ತಿದೆ. ಮೊಟ್ಟೆಯ ದಿನದಿಂದ ಪಟ್ಟಿ ಮತ್ತೆ ಶುರು ಮಾಡಿದ್ದೇನೆ.

ಎರಡು ಸಂದೇಹ. ಒಂದು, ಕೊಕ್ಕು ಮತ್ತು ಉಗುರು ಅಳೆದು ಲಿಂಗ ಹೇಳುವ ಸೂತ್ರವೊಂದಿದೆಯಂತೆ, ಅದನ್ನು ಸ್ಕ್ರೀನ್‌ಶಾಟ್‌ಗೆ ಹಾಕಬಹುದೇ? ಎರಡು, ದಿನಾಂಕಗಳು ಒಂದು ದಿನ ಹೆಚ್ಚುಕಡಿಮೆ ಆಗುತ್ತಿವೆ.

ಕಡಲಗರುಡ

ಸೂತ್ರ ಹಕ್ಕಿ ಸಂಶೋಧಕ ಗ್ಯಾರಿ ಬೊರ್ಟೊಲೊಟ್ಟಿ 1984ರಲ್ಲಿ ಕೊಟ್ಟದ್ದು. ಕೊಕ್ಕಿನ ದಪ್ಪವನ್ನು 0.392ರಿಂದ, ಹಿಂಬೆರಳಿನ ಉಗುರಿನ ಉದ್ದವನ್ನು 0.340ರಿಂದ ಗುಣಿಸಿ ಕೂಡಿ, 27.694 ಕಳೆಯಬೇಕು. ಅಳತೆ ಮಿಲಿಮೀಟರಿನಲ್ಲಿ. ಉತ್ತರ ಸೊನ್ನೆಗಿಂತ ಮೇಲಿದ್ದರೆ ಹೆಣ್ಣು, ಕೆಳಗಿದ್ದರೆ ಗಂಡು. ಉದಾಹರಣೆಗೆ ಕೊಕ್ಕು 35, ಉಗುರು 44 ಆದರೆ ಸುಮಾರು +1, ಹೆಣ್ಣು. ಕೊಕ್ಕು 31, ಉಗುರು 38 ಆದರೆ ಸುಮಾರು −2.6, ಗಂಡು.

ಇದು ಹಕ್ಕಿಯನ್ನು ಕೈಯಲ್ಲಿ ಹಿಡಿದು ಕ್ಯಾಲಿಪರ್ ಹಾಕುವವರಿಗೆ. ನಿಮ್ಮ ಪಿಕ್ಸೆಲ್ಲಿಗೆ ಮಿಲಿಮೀಟರ್ ಇಲ್ಲ, ಉಗುರಿನ ಅರ್ಧ ಕಡ್ಡಿಯೊಳಗೆ ಹೂತಿರುತ್ತದೆ. ಹಾಕಬೇಡಿ. ಇನ್ನೊಂದು ಮಾತು: ಉತ್ತರದ ಹಕ್ಕಿಗಳು ದಕ್ಷಿಣದವಕ್ಕಿಂತ ದೊಡ್ಡವು. ಅಲಾಸ್ಕದ ಗಂಡು ಫ್ಲಾರಿಡಾದ ಹೆಣ್ಣಿಗೆ ಸರಿಸಾಟಿ ಆಗಬಹುದು. ಆದ್ದರಿಂದ ಹೋಲಿಕೆ ಯಾವಾಗಲೂ ಅದೇ ಗೂಡಿನ ಜೋಡಿಯೊಳಗೆ ಮಾತ್ರ. ನಮ್ಮ ನೇತ್ರಾಣಿ ದ್ವೀಪದ ಬಿಳಿಹೊಟ್ಟೆಯ ಕಡಲ ಹದ್ದು ಇದರ ಹತ್ತಿರದ ಬಂಧು, ಅಲ್ಲಿಯೂ ಹೆಣ್ಣೇ ದೊಡ್ಡದು, ಅಲ್ಲಿಯೂ ಜೋಡಿ ಪಕ್ಕಪಕ್ಕ ಕೂತಾಗಲೇ ಹೇಳಲು ಬರುವುದು.

ಶಾಲ್ಮಲಾತೀರ

ದಿನಾಂಕದ ತೊಂದರೆ ಸಮಯದ್ದು. ಚಳಿಗಾಲದಲ್ಲಿ ಬಿಗ್ ಬೇರ್ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಬೆಳಗ್ಗೆ 6 ಎಂದರೆ ಬೆಂಗಳೂರಿನಲ್ಲಿ ಅದೇ ದಿನ ಸಂಜೆ 7:30. ಅಲ್ಲಿ ಸಂಜೆ 5:30 ಎಂದರೆ ಇಲ್ಲಿ ಮರುದಿನ ಬೆಳಗ್ಗೆ 7. ಪಟ್ಟಿಯನ್ನು ಪೂರ್ತಿ ಅಲ್ಲಿನ ಸಮಯದಲ್ಲೇ ಇಡಿ. 2025ರ ಮಾರ್ಚ್ 9ರಿಂದ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಾಯಿತು, ಆಮೇಲೆ ವ್ಯತ್ಯಾಸ 12:30. ಮರಿಗಳು ಒಡೆದದ್ದು ಮಾರ್ಚ್ 3, 4 ಮತ್ತು 8, ಅಂದರೆ ನಿಮ್ಮ ಕಾವಿನ ಪಟ್ಟಿ ಮುಗಿಯುವ ಹೊತ್ತಿಗೇ ಈ ಬದಲಾವಣೆ.

ಯೂಟ್ಯೂಬ್‌ನಲ್ಲಿ ಲೈವ್ ನೋಡುವಾಗ 12 ಗಂಟೆಯವರೆಗೆ ಹಿಂದಕ್ಕೆ ಹೋಗಬಹುದು. ಜೆ ಒತ್ತಿದರೆ 10 ಸೆಕೆಂಡ್ ಹಿಂದೆ, ಎಲ್ ಒತ್ತಿದರೆ ಮುಂದೆ. ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ. ಅದಲುಬದಲನ್ನು ಹೀಗೆಯೇ ನೋಡಬೇಕು. ಎರಡು ಬಿಳಿ ತಲೆ ಒಂದರ ಹಿಂದೊಂದು ಮರೆಯಾದ ಕ್ಷಣದಲ್ಲೇ ಕಣ್ಣು ಮೋಸ ಹೋಗುವುದು. ಗುಣಮಟ್ಟ ತಾನಾಗಿ ಇಳಿಯದಂತೆ 1080ಕ್ಕೆ ಕಟ್ಟಿಹಾಕಿ.

ತೆಂಕಣಗಾಳಿ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಗೂಡಿನ ಮರಿಗಳಲ್ಲಿ ಗಂಡು ಹೆಣ್ಣು ತಿಳಿಯುವುದು ಹೇಗೆ? ಮರದ ಕೆಳಗೆ ಪುಕ್ಕ ಸಿಕ್ಕರೆ ಡಿಎನ್‌ಎ ಪರೀಕ್ಷೆಗೆ ಕಳಿಸಬಹುದೇ?

ಮಲೆನಾಡಮಂಜು

ಪುಕ್ಕ ಮುಟ್ಟಬೇಡಿ ಮೇಡಂ. ಅಮೆರಿಕದಲ್ಲಿ 1940ರ ಹದ್ದು ಸಂರಕ್ಷಣೆ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಬಾಲ್ಡ್ ಈಗಲ್‌ನ ಉದುರಿದ ಪುಕ್ಕ ಇಟ್ಟುಕೊಳ್ಳುವುದೂ ಅಪರಾಧ. ಗೂಡು ಕಾಣುವ ಜಾಗದಲ್ಲಿ ಮರಿ ಮಾಡುವ ಕಾಲಕ್ಕೆ 330 ಅಡಿ, ಅಂದರೆ ಸುಮಾರು 100 ಮೀಟರ್ ದೂರವಾದರೂ ನಿಲ್ಲಿ.

ಕ್ಯಾಮೆರಾದಲ್ಲಿ ಮರಿಯ ಲಿಂಗ ಹೇಳಲು ಬರುವುದಿಲ್ಲ. ಮೊದಲು ಒಡೆದ ಮರಿ ಮೊದಲಿಂದಲೇ ದೊಡ್ಡದಿರುತ್ತದೆ, ಅದು ವಯಸ್ಸಿನ ವ್ಯತ್ಯಾಸ. ಪರವಾನಗಿ ಇರುವವರು ಮರ ಹತ್ತಿ ಕಾಲಿಗೆ ಬಳೆ ಹಾಕುವಾಗ ಕೊಕ್ಕು, ಕಾಲು ಅಳೆಯುತ್ತಾರೆ. ರಕ್ತ ತೆಗೆದರೆ ಖಚಿತ: ಹಕ್ಕಿಗಳಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯೂ ಎಂಬ ಎರಡು ಬೇರೆ ವರ್ಣತಂತು, ಗಂಡಿಗೆ ಎರಡೂ ಝಡ್. ನ್ಯೂಜೆರ್ಸಿಯಲ್ಲಿ ಹಾಕುವ ಬಳೆ ಹಸಿರು. ಮುಂದೆ ಅದೇ ಹಕ್ಕಿ ಯಾವುದಾದರೂ ಕ್ಯಾಮೆರಾ ಮುಂದೆ ಬಂದರೆ ಬಳೆಯ ಅಕ್ಷರ ಓದಿದವರಿಗೆ ಅದರ ಜಾತಕವೇ ಸಿಕ್ಕಂತೆ.

ಕಡಲಗರುಡ

ಬೆಳ್ಳಕ್ಕಿಯವರಿಗೆ ಇನ್ನೊಂದು ಎಚ್ಚರಿಕೆ, ಬೇರೆ ಗೂಡಿಗೆ ಹೋಗುವುದಾದರೆ. ಗೂಡಿನಲ್ಲಿ ಇಬ್ಬರೇ ಇರುತ್ತಾರೆ ಎಂದು ನಂಬಿ ಸರಪಳಿ ಕಟ್ಟಬೇಡಿ. ಇಲಿನಾಯ್ಸ್‌ನ ಫುಲ್ಟನ್ ಬಳಿ, ಮಿಸಿಸಿಪ್ಪಿ ದಂಡೆಯ ಗೂಡಿನಲ್ಲಿ ವೇಲರ್ ಒಂದು, ವೇಲರ್ ಎರಡು ಎಂಬ ಎರಡು ಗಂಡು, ಸ್ಟಾರ್ ಎಂಬ ಒಂದು ಹೆಣ್ಣು ಸೇರಿ ಮರಿ ಮಾಡಿದ್ದಾರೆ. ಮೂವರೂ ಕಾವು ಕೂರುತ್ತಿದ್ದರು. ಅಲ್ಲಿ "ಎದ್ದದ್ದು ಹೆಣ್ಣು, ಆದ್ದರಿಂದ ಕೂತದ್ದು ಗಂಡು" ಎಂಬುದು ಸರಿ, "ಎದ್ದದ್ದು ಗಂಡು, ಆದ್ದರಿಂದ ಕೂತದ್ದು ಹೆಣ್ಣು" ಎಂಬುದು ತಪ್ಪು. ಫ್ಲಾರಿಡಾದ ಫೋರ್ಟ್ ಮೈಯರ್ಸ್ ಗೂಡಿನ ಹ್ಯಾರಿಯೆಟ್ 2023ರ ಫೆಬ್ರವರಿಯಲ್ಲಿ ಹಾರಿಹೋದವಳು ಮರಳಲಿಲ್ಲ. ಮರಿಗಳನ್ನು ಗಂಡು ಎಂ15 ಒಬ್ಬನೇ ಸಾಕಿದ, ಆಮೇಲೆ ಬೇರೆ ಹೆಣ್ಣು ಬಂತು. ಹಳೆಯ ಮುಖದ ಹಾಳೆ ಇಟ್ಟುಕೊಂಡವರಿಗೆ ಇಂಥದ್ದು ಮೊದಲು ಗೊತ್ತಾಗುತ್ತದೆ. ಪ್ರತಿ ಹಂಗಾಮಿನ ಶುರುವಿಗೆ ಎರಡೂ ಮುಖ ಮತ್ತೆ ತಾಳೆ ನೋಡಿ.

ಬೆಳ್ಳಕ್ಕಿ

ಪಟ್ಟಿಗೆ ಈಗ ಆರು ಕಾಲಂ: ಅಲ್ಲಿನ ಸಮಯ, ಎದ್ದವರು, ಕೂತವರು, ಯಾವ ಗುರುತಿನಿಂದ, ಯಾವ ಮುಖ ಕಂಡಿತು, ಸರಪಳಿ ತುಂಡೇ ಅಲ್ಲವೇ. ಜನವರಿ 22ರಿಂದ 25ರವರೆಗೆ ಆಯಿತು, 25ರ ಮೊಟ್ಟೆಯ ಹೊತ್ತಿಗೆ ಗೂಡಿನಲ್ಲಿದ್ದದ್ದು ಜಾಕಿ ಎಂದೇ ಬಂದಿದೆ. 28ಕ್ಕೆ ತಾಳೆ ನೋಡಿ ಹೇಳುತ್ತೇನೆ.

ಶಾಲ್ಮಲಾತೀರ

ಒಂದು ಕಾಲಂ ಸೇರಿಸಿ: ಹಗಲೋ ಇನ್‌ಫ್ರಾರೆಡ್ಡೋ. ಕತ್ತಲಲ್ಲಿ ನಡೆದ ಬದಲಾವಣೆಯನ್ನು ಬೆಳಕು ಹರಿದ ಮೇಲೆ ಮೊದಲ ಒಳ್ಳೆಯ ಮುಖದ ಚಿತ್ರದೊಂದಿಗೆ ಮತ್ತೆ ತಾಳೆ ನೋಡಬೇಕಾಗುತ್ತದೆ, ಆ ಸಾಲುಗಳು ಬೇಗ ಕೈಗೆ ಸಿಗಲಿ.